ಹತ್ತಿ ಹೊಲದಿಂದ ಆಕಾಶಕ್ಕೆ: ಬೆಸ್ಸಿ ಕೋಲ್ಮನ್ ಅವರ ಜೀವನ





ನಮ್ಮ ದೊಡವಾಡದ ಎರೆಭೂಮಿಯಲ್ಲಿ ನಿಂತು ಒಮ್ಮೆ ತಲೆ ಎತ್ತಿ ನೋಡಿ. ಅತ್ತ ಬೆಳಗಾವಿಯ ಸಾಂಬ್ರಾ, ಇತ್ತ ಹುಬ್ಬಳ್ಳಿ, ಎರಡೂ ಕಡೆ ವಿಮಾನ ನಿಲ್ದಾಣಗಳಿವೆ. ಮೇಲೆ ವಿಮಾನ ಹೋದಾಗ ಹೊಲದಲ್ಲಿದ್ದ ಮಕ್ಕಳು ಕೈ ಬೀಸುತ್ತಾರೆ. ಆ ಮಕ್ಕಳಲ್ಲಿ ಒಬ್ಬರು ಮುಂದೆ ನಾನೂ ವಿಮಾನ ನಡೆಸುತ್ತೇನೆ ಎಂದರೆ ನಾವು ಏನು ಮಾಡುತ್ತೇವೆ? ನಗುತ್ತೇವೆ. ಹಾಗೆ ಹೇಳಿದವಳು ಹುಡುಗಿಯಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚೇ ನಗುತ್ತೇವೆ. ಹಣ ಎಲ್ಲಿಂದ ಬರಬೇಕು, ಯಾರು ಕಲಿಸಬೇಕು, ಪರದೇಶಕ್ಕೆ ಯಾರು ಕಳಿಸಬೇಕು ಎಂಬ ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಿ ಆ ಮಾತನ್ನು ಅಲ್ಲಿಗೇ ಮುಗಿಸುತ್ತೇವೆ.

ಈ ಪ್ರಶ್ನೆಗಳು ಸುಳ್ಳಲ್ಲ. ಆದರೆ ನೂರು ವರ್ಷಗಳ ಹಿಂದೆ ಇವೇ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹುಡುಕಿಕೊಂಡ ಒಬ್ಬ ಹೆಣ್ಣುಮಗಳಿದ್ದರು. ಅವರು ನಮ್ಮ ದೇಶದವರಲ್ಲ, ನಮ್ಮ ಧರ್ಮದವರೂ ಅಲ್ಲ. ಆದರೆ ನಮ್ಮ ಮನೆಯ ಹೆಣ್ಣುಮಕ್ಕಳಂತೆಯೇ ಹೊಲದಲ್ಲಿ ಹತ್ತಿ ಬಿಡಿಸಿದವರು. ಅವರ ಹೆಸರು ಬೆಸ್ಸಿ ಕೋಲ್ಮನ್. ಅವರ ಜೀವನವನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೂ ಓದಿರಿ.

ಬಡತನದ ಬಾಲ್ಯ

ಬೆಸ್ಸಿ ಕೋಲ್ಮನ್ ಅವರು 1892ನೇ ಇಸವಿ ಜನವರಿ 26ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಅಟ್ಲಾಂಟಾ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಜಾರ್ಜ್, ತಾಯಿ ಸೂಸನ್. ಹದಿಮೂರು ಮಕ್ಕಳಲ್ಲಿ ಬೆಸ್ಸಿ ಹತ್ತನೆಯವರು. ಅವರು ಕಪ್ಪು ಜನಾಂಗದವರು. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿಯೇ ಕಾನೂನಿನಂತೆ ಮುಗಿದಿತ್ತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ರೈಲು ಡಬ್ಬಿ, ಬೇರೆ ಬಾಗಿಲು. ಮತ ಹಾಕುವ ಹಕ್ಕನ್ನೂ ನಾನಾ ನೆಪ ಹೇಳಿ ಕಿತ್ತುಕೊಳ್ಳಲಾಗಿತ್ತು.

ಬೆಸ್ಸಿಗೆ ಎರಡು ವರ್ಷವಾದಾಗ ಕುಟುಂಬ ವಾಕ್ಸಹಾಚಿ ಎಂಬ ಊರಿಗೆ ಬಂದಿತು. ಅದು ಹತ್ತಿಯ ಸೀಮೆ. ನಮ್ಮ ಬೈಲಹೊಂಗಲದ ಪೇಟೆಗೆ ಹೇಗೆ ಹತ್ತಿಯೇ ಜೀವಾಳವಾಗಿತ್ತೋ ಹಾಗೆ ಆ ಊರಿಗೂ ಹತ್ತಿಯೇ ಜೀವಾಳ. ಶಾಲೆ ಎಂದರೆ ಒಂದೇ ಕೋಣೆ. ಅಲ್ಲಿಗೆ ದಿನವೂ ನಾಲ್ಕು ಮೈಲು ನಡೆಯಬೇಕು. ಹೊಲದಲ್ಲಿ ಹತ್ತಿ ಒಡೆದರೆ ಸಾಕು, ಕಪ್ಪು ಮಕ್ಕಳ ಶಾಲೆಗೆ ಬೀಗ ಬೀಳುತ್ತಿತ್ತು. ಮಕ್ಕಳೆಲ್ಲ ಚೀಲ ಕಟ್ಟಿಕೊಂಡು ಹೊಲಕ್ಕೆ ಇಳಿಯಬೇಕಾಗಿತ್ತು. ಸುಗ್ಗಿಯಲ್ಲಿ ಶಾಲೆಯ ಹಾಜರಿ ಪುಸ್ತಕ ಹೇಗಿರುತ್ತದೆ ಎಂಬುದು ನಮ್ಮ ಭಾಗದ ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಈ ಸಂಗತಿಯನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ.

ತಂದೆ ಜಾರ್ಜ್ ಅವರ ಪೂರ್ವಜರಲ್ಲಿ ಅಮೆರಿಕದ ಮೂಲನಿವಾಸಿಗಳೂ ಇದ್ದರು. ಟೆಕ್ಸಾಸಿನ ಅವಮಾನಗಳಿಂದ ಬೇಸತ್ತು 1901ರಲ್ಲಿ ಅವರು ಮೂಲನಿವಾಸಿಗಳ ಪ್ರದೇಶವಾಗಿದ್ದ ಓಕ್ಲಹೋಮಾದ ಕಡೆಗೆ ಹೊರಟುಹೋದರು. ತಾಯಿ ಸೂಸನ್ ಮಕ್ಕಳೊಂದಿಗೆ ಅಲ್ಲಿಯೇ ಉಳಿದರು. ಬಿಳಿಯರ ಮನೆಯಲ್ಲಿ ಅಡುಗೆ ಮತ್ತು ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರು. ಒಂಬತ್ತು ವರ್ಷದ ಬೆಸ್ಸಿ ಮನೆಯಲ್ಲಿದ್ದು ತಂಗಿಯರನ್ನು ನೋಡಿಕೊಳ್ಳಬೇಕಾಯಿತು.

ಆದರೂ ಓದು ನಿಲ್ಲಲಿಲ್ಲ. ಊರಿಗೆ ಗಾಡಿಯಲ್ಲಿ ಬರುತ್ತಿದ್ದ ಸಂಚಾರಿ ಗ್ರಂಥಾಲಯದಿಂದ ಪುಸ್ತಕಗಳನ್ನು ತಂದು ಓದುತ್ತಿದ್ದರು. ಲೆಕ್ಕದಲ್ಲಿ ಬಲು ಚುರುಕು. ಮನೆಯವರು ಬಿಡಿಸಿದ ಹತ್ತಿ ಎಷ್ಟು ತೂಗಿತು, ಎಷ್ಟು ಹಣ ಬರಬೇಕು ಎಂಬ ಲೆಕ್ಕವನ್ನು ಇಡುತ್ತಿದ್ದವರು ಈ ಬಾಲಕಿಯೇ. ತೂಕದವನ ಮುಂದೆ ಲೆಕ್ಕ ಗೊತ್ತಿಲ್ಲದವನ ಪಾಡು ಏನಾಗುತ್ತದೆ ಎಂಬುದನ್ನು ಅವರು ಅಂದೇ ಅರಿತಿದ್ದರು.

ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೂಡಿಟ್ಟ ಹಣದಿಂದ 1910ರಲ್ಲಿ ಓಕ್ಲಹೋಮಾದ ಲ್ಯಾಂಗ್‌ಸ್ಟನ್ ಎಂಬಲ್ಲಿದ್ದ ಕಪ್ಪು ಜನರ ವಿದ್ಯಾಲಯಕ್ಕೆ ಸೇರಿದರು. ಒಂದು ಅವಧಿ ಮುಗಿಯುವಷ್ಟರಲ್ಲಿ ಹಣ ಮುಗಿಯಿತು. ಊರಿಗೆ ಮರಳಿ ಮತ್ತೆ ಬಟ್ಟೆ ಒಗೆಯುವ ಕೆಲಸಕ್ಕೆ ನಿಂತರು. ಹಣವಿಲ್ಲದೆ ಕಾಲೇಜು ಬಿಟ್ಟ ನೋವು ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಈ ಮಾತನ್ನು ನೆನಪಿಡಿ. ಬೆಸ್ಸಿ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದು ಶುರುವಾದದ್ದೇ ಅದರ ನಂತರ.

ಕ್ಷೌರದ ಅಂಗಡಿಯಲ್ಲಿ ಹುಟ್ಟಿದ ಆಸೆ

1915ರಲ್ಲಿ ಬೆಸ್ಸಿ ತಮ್ಮ ಅಣ್ಣಂದಿರು ಇದ್ದ ಶಿಕಾಗೋ ನಗರಕ್ಕೆ ಹೋದರು. ಅಲ್ಲಿ ಒಂದು ಕ್ಷೌರದ ಅಂಗಡಿಯಲ್ಲಿ ಗಿರಾಕಿಗಳ ಉಗುರು ತಿದ್ದಿ ಹೊಳಪು ಕೊಡುವ ಕೆಲಸಕ್ಕೆ ಸೇರಿದರು. ಆಗ ಮೊದಲ ಮಹಾಯುದ್ಧದ ಕಾಲ. ಅವರ ಅಣ್ಣಂದಿರಾದ ವಾಲ್ಟರ್ ಮತ್ತು ಜಾನ್ ಸೈನಿಕರಾಗಿ ಫ್ರಾನ್ಸ್ ದೇಶಕ್ಕೆ ಹೋಗಿ ಬಂದರು. ಅಂಗಡಿಗೆ ಬರುತ್ತಿದ್ದ ಸೈನಿಕರ ಬಾಯಲ್ಲಿ ಯುದ್ಧವಿಮಾನಗಳ ಕಥೆಗಳು. ಒಂದು ದಿನ ಜಾನ್ ತಂಗಿಯನ್ನು ಅಣಕಿಸಿದರು. ಫ್ರಾನ್ಸಿನ ಹೆಂಗಸರು ವಿಮಾನವನ್ನೇ ಹಾರಿಸುತ್ತಾರೆ, ನಿನ್ನಿಂದ ಅದು ಆಗದ ಮಾತು ಎಂಬುದು ಆ ಅಣಕದ ಸಾರ.

ಅಣ್ಣನ ಮಾತು ಸುಳ್ಳಾಗಿರಲಿಲ್ಲ. ಜಗತ್ತಿನಲ್ಲಿ ಮೊಟ್ಟಮೊದಲು ಪೈಲಟ್ ಲೈಸೆನ್ಸ್ ಪಡೆದ ಮಹಿಳೆ ಫ್ರಾನ್ಸಿನ ರೇಮಂಡ್ ದ ಲಾರೋಶ್, ಅದು 1910ರಲ್ಲಿ. ಆದರೆ ಬೆಸ್ಸಿ ಆ ಅಣಕವನ್ನು ಸವಾಲಾಗಿ ತೆಗೆದುಕೊಂಡರು.

ಅಮೆರಿಕದ ವಿಮಾನ ಶಾಲೆಗಳ ಬಾಗಿಲು ತಟ್ಟಿದರು. ಒಂದೂ ತೆರೆಯಲಿಲ್ಲ. ಅವರು ಹೆಣ್ಣು, ಅದರ ಮೇಲೆ ಕಪ್ಪು ಜನಾಂಗದವರು. ಒಂದು ಕಾರಣವೇ ಸಾಕಾಗಿದ್ದಲ್ಲಿ ಅವರ ಪಾಲಿಗೆ ಎರಡು ಕಾರಣಗಳಿದ್ದವು. ಆಗ ಅವರು ಸಲಹೆ ಕೇಳಲು ಹೋದದ್ದು ರಾಬರ್ಟ್ ಆಬಟ್ ಎಂಬವರ ಬಳಿ. ಅವರು ಶಿಕಾಗೋ ಡಿಫೆಂಡರ್ ಎಂಬ ಕಪ್ಪು ಜನರ ಪತ್ರಿಕೆಯ ಸ್ಥಾಪಕರು ಮತ್ತು ಸಂಪಾದಕರು. ಆಬಟ್ ಅವರು ಬೆಸ್ಸಿಯ ಮಾತಿಗೆ ನಗಲಿಲ್ಲ, ಅಯ್ಯೋ ಪಾಪ ಎಂದು ಕೈಬಿಡಲೂ ಇಲ್ಲ. ದಾರಿ ತೋರಿಸಿದರು. ಇಲ್ಲಿ ಕಲಿಸದಿದ್ದರೆ ಫ್ರಾನ್ಸಿಗೆ ಹೋಗಿ ಕಲಿಯಬೇಕು, ಅದಕ್ಕೆ ಮೊದಲು ಫ್ರೆಂಚ್ ಭಾಷೆ ಕಲಿಯಬೇಕು, ಹಣ ಕೂಡಿಡಬೇಕು ಎಂದು ತಿಳಿಸಿದರು.

ಪ್ರಿಯ ಓದುಗರೇ, ಈ ಸಲಹೆಯನ್ನು ಗಮನಿಸಿ. ವಿದೇಶಕ್ಕೆ ಹೊರಡುವ ಮೊದಲು ಮಾಡಬೇಕಾದ ಕೆಲಸಗಳು ಅದರಲ್ಲಿದ್ದವು. ಬೆಸ್ಸಿ ಅವನ್ನು ಚಾಚೂ ತಪ್ಪದೆ ಮಾಡಿದರು. ಶಿಕಾಗೋದಲ್ಲಿ ಭಾಷೆ ಕಲಿಸುವ ಶಾಲೆಯೊಂದಕ್ಕೆ ಸೇರಿ ಫ್ರೆಂಚ್ ಕಲಿತರು. ಹೆಚ್ಚಿನ ಸಂಪಾದನೆಗಾಗಿ ಒಂದು ಸಣ್ಣ ಹೋಟೆಲಿನ ಉಸ್ತುವಾರಿ ವಹಿಸಿಕೊಂಡರು. ದುಡಿದ ಹಣ ಸಾಲದೆ ಬಂದಾಗ ಆಬಟ್ ಅವರೂ, ಜೆಸ್ಸಿ ಬಿಂಗಾ ಎಂಬ ಕಪ್ಪು ಜನಾಂಗದ ಬ್ಯಾಂಕ್ ಮಾಲೀಕರೂ ನೆರವಾದರು. ಒಬ್ಬಳೇ ಹೆಣ್ಣುಮಗಳ ಪ್ರಯಾಣದ ಹಿಂದೆ ಅವಳ ಸಮುದಾಯ ನಿಂತಿತು.

ಪರದೇಶದ ವಿದ್ಯಾರ್ಥಿನಿ

1920ರ ನವೆಂಬರ್ 20ರಂದು ಬೆಸ್ಸಿ ನ್ಯೂಯಾರ್ಕ್ ಬಂದರಿನಿಂದ ಇಂಪರೇಟರ್ ಎಂಬ ಹಡಗಿನಲ್ಲಿ ಫ್ರಾನ್ಸಿಗೆ ಹೊರಟರು. ಆಗ ಅವರಿಗೆ 28 ವರ್ಷ. ಗೊತ್ತಿಲ್ಲದ ದೇಶ, ಹೊಸದಾಗಿ ಕಲಿತ ಭಾಷೆ, ಎಣಿಸಿ ಖರ್ಚು ಮಾಡಬೇಕಾದ ಹಣ. ಅಲ್ಲಿ ಹೋದ ಮೇಲೂ ಎಲ್ಲ ಬಾಗಿಲುಗಳು ತಾವಾಗಿ ತೆರೆಯಲಿಲ್ಲ. ತರಬೇತಿಯಲ್ಲಿ ಮಹಿಳೆಯರು ಸತ್ತಿದ್ದಾರೆ ಎಂಬ ಕಾರಣ ಹೇಳಿ ಪ್ಯಾರಿಸಿನ ಕಡೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಕೊನೆಗೆ ಉತ್ತರ ಫ್ರಾನ್ಸಿನಲ್ಲಿ, ಸೋಮ್ ನದಿ ಸಮುದ್ರ ಸೇರುವಲ್ಲಿರುವ ಲ ಕ್ರೋಟ್ವಾ ಎಂಬ ಊರಿನ ಕೋಡ್ರೋನ್ ಸಹೋದರರ ವಿಮಾನ ಶಾಲೆ ಅವರನ್ನು ಸೇರಿಸಿಕೊಂಡಿತು. ಅದು ಫ್ರಾನ್ಸಿನ ಹೆಸರಾಂತ ಶಾಲೆಗಳಲ್ಲಿ ಒಂದಾಗಿತ್ತು.

ಅಂದಿನ ವಿಮಾನ ಹೇಗಿತ್ತು ಎಂಬುದನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಬೆಸ್ಸಿ ಕಲಿತದ್ದು ನ್ಯೂಪೋರ್ 82 ಎಂಬ ವಿಮಾನದಲ್ಲಿ. ಒಂದರ ಮೇಲೊಂದು ಎರಡು ರೆಕ್ಕೆ, ಕಟ್ಟಿಗೆಯ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ, ತಂತಿಗಳು. ಉದ್ದ ಸುಮಾರು 27 ಅಡಿ, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 40 ಅಡಿ. ಬ್ರೇಕು ಇರಲಿಲ್ಲ, ತಿರುಗಿಸುವ ಚಕ್ರವೂ ಇರಲಿಲ್ಲ. ಕೈಯಲ್ಲಿ ಒಂದು ಕೋಲು, ಕಾಲ ಕೆಳಗೆ ಒಂದು ಅಡ್ಡಪಟ್ಟಿ. ಕೋಲಿನಿಂದ ಏರಿಸುವುದು, ಇಳಿಸುವುದು, ಓರೆ ಮಾಡುವುದು. ಕಾಲಿನ ಪಟ್ಟಿಯಿಂದ ಬಾಲವನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು. ಶಿಕ್ಷಕರು ಮುಂದಿನ ಆಸನದಲ್ಲಿ, ವಿದ್ಯಾರ್ಥಿ ಹಿಂದೆ. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸದು. ಶಿಕ್ಷಕರ ಕೋಲು ಹೇಗೆ ಅಲುಗುತ್ತದೆಯೋ ಹಾಗೆಯೇ ತನ್ನ ಕೋಲೂ ಅಲುಗುವುದನ್ನು ನೋಡಿ, ಕೈಯಿಂದ ಮುಟ್ಟಿ ಕಲಿಯಬೇಕು. ಹಾರುವ ಮೊದಲು ರೆಕ್ಕೆ, ತಂತಿ, ಬೋಲ್ಟುಗಳನ್ನೆಲ್ಲ ಪ್ರತಿ ಸಲವೂ ಪರೀಕ್ಷಿಸಬೇಕು.

ತರಬೇತಿಯ ಕಾಲದಲ್ಲಿ ಸಹಪಾಠಿಯೊಬ್ಬರು ವಿಮಾನ ಬಿದ್ದು ಸತ್ತದ್ದನ್ನು ಬೆಸ್ಸಿ ಕಣ್ಣಾರೆ ಕಂಡರು. ಮನಸ್ಸಿಗೆ ದೊಡ್ಡ ಆಘಾತವಾಯಿತು. ಆದರೂ ಬಿಡಲಿಲ್ಲ. ಹತ್ತು ತಿಂಗಳ ಪಾಠವನ್ನು ಏಳು ತಿಂಗಳಲ್ಲಿ ಮುಗಿಸಿದರು.

ಪರೀಕ್ಷೆಯೂ ಸುಲಭದ್ದಾಗಿರಲಿಲ್ಲ. ಐದು ಕಿಲೋಮೀಟರಿನ ಸುತ್ತನ್ನು ಎರಡು ಬಾರಿ ಹಾರಬೇಕು, 50 ಮೀಟರ್ ಎತ್ತರಕ್ಕೆ ಏರಬೇಕು, ಆಕಾಶದಲ್ಲಿ ಇಂಗ್ಲಿಷಿನ ಎಂಟು ಅಂಕಿಯ ಆಕಾರ ಬರೆಯಬೇಕು, ನೆಲ ಮುಟ್ಟುವ ಮೊದಲೇ ಎಂಜಿನ್ ಆರಿಸಿ ಗೊತ್ತುಮಾಡಿದ ಗುರುತಿನಿಂದ 50 ಮೀಟರಿನೊಳಗೆ ಇಳಿಸಬೇಕು. ಬೆಸ್ಸಿ ಇವೆಲ್ಲದರಲ್ಲೂ ತೇರ್ಗಡೆಯಾದರು. 1921ರ ಜೂನ್ 15ರಂದು ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟದ ಲೈಸೆನ್ಸ್ ಅವರ ಕೈಸೇರಿತು. ಅದರ ಸಂಖ್ಯೆ 18310. ಆ ಆರು ತಿಂಗಳ ಅವಧಿಯಲ್ಲಿದ್ದ 62 ಅಭ್ಯರ್ಥಿಗಳಲ್ಲಿ ಮಹಿಳೆ ಅವರೊಬ್ಬರೇ. ಪೈಲಟ್ ಲೈಸೆನ್ಸ್ ಪಡೆದ ಮೊದಲ ಕಪ್ಪು ಅಮೆರಿಕನ್ ಮಹಿಳೆ ಅವರಾದರು. ಮುಂದೆ ಜಗತ್ತಿನಲ್ಲೆಲ್ಲ ಹೆಸರಾದ ಅಮೀಲಿಯಾ ಇಯರ್‌ಹಾರ್ಟ್ ಅವರಿಗೆ ಇಂಥ ಲೈಸೆನ್ಸ್ ಸಿಕ್ಕಿದ್ದು ಇದಾದ ಎರಡು ವರ್ಷಗಳ ಬಳಿಕ, 1923ರಲ್ಲಿ.

ಸರ್ಟಿಫಿಕೇಟು ಬಂದಿತು, ಕೆಲಸವೆಲ್ಲಿ?

1921ರ ಸೆಪ್ಟೆಂಬರಿನಲ್ಲಿ ಬೆಸ್ಸಿ ನ್ಯೂಯಾರ್ಕಿಗೆ ಮರಳಿದಾಗ ಪತ್ರಿಕೆಯವರು ಮುತ್ತಿಕೊಂಡರು. ಹೆಸರು ಬಂದಿತು. ಆದರೆ ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ. ಆಗ ಅಮೆರಿಕದಲ್ಲಿ ಪ್ರಯಾಣಿಕರನ್ನು ಒಯ್ಯುವ ವಿಮಾನ ಸೇವೆ ಇನ್ನೂ ಬೆಳೆದಿರಲಿಲ್ಲ. ವಿಮಾನದಿಂದ ಜೀವನ ಸಾಗಿಸಬೇಕೆಂದರೆ ಇದ್ದ ಮುಖ್ಯ ದಾರಿ ಊರೂರಿಗೆ ಹೋಗಿ ಆಕಾಶದಲ್ಲಿ ಸಾಹಸದ ಪ್ರದರ್ಶನ ಕೊಡುವುದು. ಅದಕ್ಕೆ ಬೇಕಾದ ಕಲೆ ತಮ್ಮ ಬಳಿ ಇಲ್ಲ ಎಂಬುದು ಬೆಸ್ಸಿಗೆ ತಿಳಿಯಿತು. ಅದನ್ನು ಕಲಿಸುವವರೂ ಅಮೆರಿಕದಲ್ಲಿ ಸಿಗಲಿಲ್ಲ.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿ ಹಳೆಯ ಕೆಲಸಕ್ಕೆ ಹೋಗುತ್ತಿದ್ದರೇನೋ. ಬೆಸ್ಸಿ 1922ರ ಫೆಬ್ರವರಿಯಲ್ಲಿ ಮತ್ತೆ ಯುರೋಪಿಗೆ ಹೊರಟರು. ಫ್ರಾನ್ಸಿನಲ್ಲಿ ಎರಡು ತಿಂಗಳು ಮುಂದಿನ ತರಬೇತಿ ಪಡೆದರು. ನೆದರ್‌ಲ್ಯಾಂಡ್ಸಿನಲ್ಲಿ ಹೆಸರಾಂತ ವಿಮಾನ ತಯಾರಕ ಆಂಟನಿ ಫೋಕರ್ ಅವರನ್ನು ಕಂಡರು. ಜರ್ಮನಿಯಲ್ಲಿಯೂ ಹಾರಾಟದ ಅಭ್ಯಾಸ ಮಾಡಿದರು. ಮೊದಲ ಸಲ ಲೈಸೆನ್ಸಿಗಾಗಿ ಹೋದವರು ಎರಡನೆಯ ಸಲ ಜೀವನೋಪಾಯಕ್ಕಾಗಿ ಹೋದರು. ಈ ಎರಡರ ನಡುವಿನ ವ್ಯತ್ಯಾಸವನ್ನು ವಿದೇಶದಲ್ಲಿ ಓದಬಯಸುವ ಪ್ರತಿಯೊಬ್ಬರೂ ಹೊರಡುವ ಮೊದಲೇ ತಿಳಿದಿರಬೇಕು.

ಮರಳಿ ಬಂದು 1922ರ ಸೆಪ್ಟೆಂಬರ್ 3ರಂದು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಕರ್ಟಿಸ್ ಮೈದಾನದಲ್ಲಿ ಮೊದಲ ಪ್ರದರ್ಶನ ಕೊಟ್ಟರು. ಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ಪಡೆಯ ಗೌರವಾರ್ಥ ಅದನ್ನು ಏರ್ಪಡಿಸಲಾಗಿತ್ತು. ಅದಕ್ಕೆ ಬೆಂಬಲವಾಗಿ ನಿಂತದ್ದೂ ಆಬಟ್ ಅವರ ಪತ್ರಿಕೆಯೇ. ಆಮೇಲೆ ಮೆಂಫಿಸ್, ಶಿಕಾಗೋ ನಗರಗಳಲ್ಲಿ ಪ್ರದರ್ಶನಗಳಾದವು.

ಸ್ವಾಭಿಮಾನದ ಬೆಲೆ

ಹಣಕ್ಕಾಗಿ ಬೆಸ್ಸಿ ತಮ್ಮ ಮಾನವನ್ನು ಎಂದೂ ಬಿಟ್ಟುಕೊಡಲಿಲ್ಲ. ಒಂದು ಚಲನಚಿತ್ರದಲ್ಲಿ ಮುಖ್ಯ ಪಾತ್ರ ಮಾಡಲು ಒಪ್ಪಿದ್ದರು. ಆದರೆ ಮೊದಲ ದೃಶ್ಯದಲ್ಲಿಯೇ ಹರಿದ ಬಟ್ಟೆ ತೊಟ್ಟು, ಕೋಲು ಹಿಡಿದು, ಬೆನ್ನ ಮೇಲೆ ಗಂಟು ಹೊತ್ತು ಬರಬೇಕೆಂದು ತಿಳಿದಾಗ ಬಿಟ್ಟು ಹೊರಬಂದರು. ತಮ್ಮ ಜನರನ್ನು ನಗೆಪಾಟಲು ಮಾಡುವ ಚಿತ್ರಣಕ್ಕೆ ಅವರು ಒಪ್ಪಲಿಲ್ಲ. ಆ ಚಿತ್ರದ ಜೊತೆ ಬರಬಹುದಾಗಿದ್ದ ಹಣವೂ ಹೋಯಿತು.

ಮುಂದೆ ತಾವು ಬೆಳೆದ ವಾಕ್ಸಹಾಚಿ ಊರಿನಲ್ಲಿಯೇ ಪ್ರದರ್ಶನ ಏರ್ಪಾಡಾಯಿತು. ಕಪ್ಪು ಜನರಿಗೆ ಒಂದು ಬಾಗಿಲು, ಬಿಳಿಯರಿಗೆ ಇನ್ನೊಂದು ಬಾಗಿಲು ಎಂದು ಸಂಘಟಕರು ಹೇಳಿದರು. ಎಲ್ಲರೂ ಒಂದೇ ಬಾಗಿಲಿನಿಂದ ಬರದಿದ್ದರೆ ತಾವು ಹಾರುವುದಿಲ್ಲ ಎಂದು ಬೆಸ್ಸಿ ಹಟ ಹಿಡಿದರು. ಸಂಘಟಕರು ಮಣಿದರು. ಒಳಗೆ ಕೂರುವ ಜಾಗ ಮಾತ್ರ ಬೇರೆ ಬೇರೆಯಾಗಿಯೇ ಉಳಿಯಿತು. ಪೂರ್ಣ ಗೆಲುವು ಸಿಗದಿದ್ದರೂ, ಹತ್ತಿ ಬಿಡಿಸಿದ ಊರಿನಲ್ಲಿಯೇ ಒಂದು ಬಾಗಿಲನ್ನಾದರೂ ಅವರು ಎಲ್ಲರಿಗೂ ತೆರೆಸಿದರು.

ಇದರ ನಡುವೆ ದೊಡ್ಡ ಪೆಟ್ಟೂ ಬಿದ್ದಿತ್ತು. 1923ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಆಗಷ್ಟೇ ಕೊಂಡಿದ್ದ ಹಳೆಯ ವಿಮಾನದ ಎಂಜಿನ್ ಹಾರಿದ ಕೂಡಲೇ ನಿಂತುಹೋಗಿ ಕೆಳಗೆ ಬಿದ್ದರು. ಕಾಲು ಮುರಿಯಿತು, ಪಕ್ಕೆಲುಬುಗಳು ಮುರಿದವು. ವಿಮಾನ ಪುಡಿಪುಡಿಯಾಯಿತು. ಮೂರು ತಿಂಗಳು ಆಸ್ಪತ್ರೆಯಲ್ಲಿದ್ದರು. ಮತ್ತೆ ಎದ್ದು ನಿಲ್ಲಲು ಬಹಳ ಕಾಲ ಹಿಡಿಯಿತು. 1925ರ ಜೂನ್ 19ರಂದು ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ಮತ್ತೆ ಆಕಾಶಕ್ಕೇರಿದರು. ಅದು ಟೆಕ್ಸಾಸಿನ ಗುಲಾಮರಿಗೆ ಬಿಡುಗಡೆಯ ಸುದ್ದಿ ತಲುಪಿದ ದಿನದ ವಾರ್ಷಿಕೋತ್ಸವ.

ಬೆಸ್ಸಿ ಅವರ ನಿಜವಾದ ಕನಸು ಪ್ರದರ್ಶನವಲ್ಲ. ಕಪ್ಪು ಜನಾಂಗದ ಯುವಕ ಯುವತಿಯರಿಗಾಗಿ ಒಂದು ವಿಮಾನ ಶಾಲೆ ತೆರೆಯಬೇಕೆಂಬುದು ಅವರ ಗುರಿ. ತಾವು ಸಮುದ್ರ ದಾಟಿ ಕಲಿತದ್ದನ್ನು ಮುಂದಿನವರು ತಮ್ಮ ನೆಲದಲ್ಲಿಯೇ ಕಲಿಯಲಿ ಎಂಬುದು ಅದರ ಅರ್ಥ. ಅದಕ್ಕಾಗಿ ಚರ್ಚುಗಳಲ್ಲಿ, ಶಾಲೆಗಳಲ್ಲಿ, ನಾಟಕಶಾಲೆಗಳಲ್ಲಿ ಭಾಷಣ ಮಾಡಿದರು. ತಮ್ಮ ಹಾರಾಟದ ಚಿತ್ರಗಳನ್ನು ತೋರಿಸಿದರು. ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಹೆಂಗಸರ ಕೇಶಾಲಂಕಾರದ ಅಂಗಡಿ ನಡೆಸಿ ಹಣ ಕೂಡಿಟ್ಟರು.

ಒಂದು ಪಾನಾ ಕಸಿದ ಪ್ರಾಣ

ಕಂತಿನಲ್ಲಿ ಹಣ ಕಟ್ಟಿ ಬೆಸ್ಸಿ ಇನ್ನೊಂದು ಹಳೆಯ ವಿಮಾನ ಕೊಂಡರು. ವಿಲಿಯಂ ವಿಲ್ಸ್ ಎಂಬ ಯುವ ಮೆಕ್ಯಾನಿಕ್ ಅದನ್ನು ಟೆಕ್ಸಾಸಿನಿಂದ ಫ್ಲಾರಿಡಾದ ಜಾಕ್ಸನ್‌ವಿಲ್ ನಗರಕ್ಕೆ ಹಾರಿಸಿಕೊಂಡು ಬಂದರು. ವಿಮಾನದ ಸ್ಥಿತಿ ಚೆನ್ನಾಗಿರಲಿಲ್ಲ. ದಾರಿಯಲ್ಲಿಯೇ ಅದು ಕೆಟ್ಟು ಇಳಿಯಬೇಕಾಗಿ ಬಂದಿತ್ತು. 1926ರ ಮೇ 1ರಂದು ಪ್ರದರ್ಶನ. ಅದರ ಹಿಂದಿನ ದಿನ, ಏಪ್ರಿಲ್ 30ರ ಬೆಳಿಗ್ಗೆ, ಮೈದಾನವನ್ನು ಮೇಲಿನಿಂದ ನೋಡಲು ಇಬ್ಬರೂ ಹಾರಿದರು. ವಿಮಾನ ನಡೆಸುತ್ತಿದ್ದವರು ವಿಲ್ಸ್. ಪ್ಯಾರಾಚೂಟಿನಿಂದ ಇಳಿಯುವ ಜಾಗವನ್ನು ಬಾಗಿ ನೋಡಬೇಕೆಂದು ಬೆಸ್ಸಿ ಸೀಟ್ ಬೆಲ್ಟ್ ಕಟ್ಟಿಕೊಂಡಿರಲಿಲ್ಲ.

ಇದ್ದಕ್ಕಿದ್ದಂತೆ ವಿಮಾನ ಮೂತಿ ಕೆಳಗೆ ಮಾಡಿ ಧುಮುಕಿ, ಗಿರಗಿರನೆ ತಿರುಗಿ ತಲೆಕೆಳಗಾಯಿತು. ಬೆಸ್ಸಿ ಹೊರಗೆ ಎಸೆಯಲ್ಪಟ್ಟು ಬಿದ್ದು ಸತ್ತರು. ವಿಲ್ಸ್ ಕೂಡ ವಿಮಾನದೊಂದಿಗೆ ಬಿದ್ದು ಸತ್ತರು. ರಿಪೇರಿಗೆ ಬಳಸಿದ ಒಂದು ಪಾನಾ ನಿಯಂತ್ರಣದ ಗೇರಿನಲ್ಲಿ ಸಿಕ್ಕಿಕೊಂಡದ್ದೇ ಕಾರಣವೆಂದು ಆಮೇಲೆ ತಿಳಿದುಬಂದಿತು. ಬೆಸ್ಸಿಗೆ ಆಗ 34 ವರ್ಷ. ಶಾಲೆ ತೆರೆಯುವ ಕನಸು ಕನಸಾಗಿಯೇ ಉಳಿಯಿತು.

ಇದನ್ನು ಓದಿ ಹೆದರಬೇಡಿ, ಆದರೆ ಮರೆಯಲೂ ಬೇಡಿ. ಧೈರ್ಯವಿದ್ದರೆ ಸಾಲದು. ಕಟ್ಟಬೇಕಾದ ಬೆಲ್ಟು ಕಟ್ಟಬೇಕು, ಎಣಿಸಬೇಕಾದ ಸಾಮಾನು ಎಣಿಸಬೇಕು. ಇಂದಿನ ವಿಮಾನಯಾನದಲ್ಲಿ ಪ್ರತಿ ಹಾರಾಟಕ್ಕೂ ಮುನ್ನ ಪಟ್ಟಿ ಹಿಡಿದು ಪರಿಶೀಲಿಸುವ ಕ್ರಮವಿದೆ. ರಿಪೇರಿ ಮುಗಿದ ಮೇಲೆ ಉಪಕರಣಗಳನ್ನೆಲ್ಲ ಲೆಕ್ಕ ಹಾಕುವ ಕ್ರಮವಿದೆ. ಈ ನಿಯಮಗಳ ಹಿಂದೆ ಹೀಗೆ ಹೋದ ಅನೇಕ ಜೀವಗಳಿವೆ.

ಶಿಕಾಗೋದಲ್ಲಿ ನಡೆದ ಅವರ ಅಂತ್ಯಕ್ರಿಯೆಗೆ ಸುಮಾರು ಹತ್ತು ಸಾವಿರ ಜನ ಸೇರಿದ್ದರು. ಹಣವಿಲ್ಲದೆ ಕಾಲೇಜು ಬಿಟ್ಟು, ಕ್ಷೌರದ ಅಂಗಡಿಯಲ್ಲಿ ಕೆಲಸ ಮಾಡಿದ ಹೆಣ್ಣುಮಗಳಿಗೆ ಸಂದ ಗೌರವವದು.

ಅವರ ನಂತರ

1929ರಲ್ಲಿ ವಿಲಿಯಂ ಪವೆಲ್ ಎಂಬವರು ಲಾಸ್ ಏಂಜಲೀಸಿನಲ್ಲಿ ಬೆಸ್ಸಿ ಕೋಲ್ಮನ್ ಹೆಸರಿನ ವೈಮಾನಿಕ ಕ್ಲಬ್ ಸ್ಥಾಪಿಸಿ ಕಪ್ಪು ಯುವಕರಿಗೆ ಹಾರಾಟ ಕಲಿಸತೊಡಗಿದರು. 1931ರಿಂದ ಶಿಕಾಗೋದ ಕಪ್ಪು ಪೈಲಟ್‌ಗಳು ಅವರ ಸಮಾಧಿಯ ಮೇಲೆ ಹಾರಿ ಹೂ ಉದುರಿಸುವ ಪದ್ಧತಿ ಆರಂಭಿಸಿದರು. 1938ರಲ್ಲಿ ವಿಲ್ಲಾ ಬ್ರೌನ್ ಎಂಬ ಕಪ್ಪು ಮಹಿಳೆ ಫ್ರಾನ್ಸಿಗೆ ಹೋಗದೆ ಅಮೆರಿಕದಲ್ಲಿಯೇ ಲೈಸೆನ್ಸ್ ಪಡೆದರು. ಮುಂದೆ ಅವರೇ ನೂರಾರು ಜನರಿಗೆ ಹಾರಾಟ ಕಲಿಸುವ ಶಾಲೆ ನಡೆಸಿದರು. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್ ತಮ್ಮೊಂದಿಗೆ ಬೆಸ್ಸಿ ಅವರ ಭಾವಚಿತ್ರವನ್ನು ಒಯ್ದರು. 1995ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಅಂಚೆಚೀಟಿ ಹೊರಡಿಸಿತು. 2023ರಲ್ಲಿ ಅವರ ಚಿತ್ರವಿರುವ ನಾಣ್ಯವೂ ಬಂದಿತು. ಮೊದಲು ಹೋದವರು ಗುರಿ ಮುಟ್ಟದಿದ್ದರೂ ಹಿಂದೆ ಬರುವವರಿಗೆ ದಾರಿ ಉಳಿಯುತ್ತದೆ.

ಈ ದಾರಿ ನಮ್ಮವರಿಗೂ ಹೊಸದಲ್ಲ

ಒಂಬತ್ತನೆಯ ಶತಮಾನದಲ್ಲಿ ಸ್ಪೇನಿನ ಕಾರ್ಡೋವಾ ನಗರದ ವಿದ್ವಾಂಸ ಅಬ್ಬಾಸ್ ಇಬ್ನ್ ಫಿರ್ನಾಸ್ ಮೈಗೆ ರೆಕ್ಕೆ ಕಟ್ಟಿಕೊಂಡು ಹಾರಲು ಯತ್ನಿಸಿದ ಸಂಗತಿಯನ್ನು ಇತಿಹಾಸಕಾರ ಅಲ್ ಮಕ್ಕರಿ ಬರೆದಿಟ್ಟಿದ್ದಾರೆ. ಭಾರತದಲ್ಲಿ ಪ್ರೇಮ್ ಮಾಥುರ್ 1947ರಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆದರು. ಮಹಿಳೆಯೆಂಬ ಕಾರಣಕ್ಕೆ ಹಲವು ಕಂಪನಿಗಳು ನಿರಾಕರಿಸಿದ ಮೇಲೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಅವರಿಗೆ ಕೆಲಸ ಕೊಟ್ಟಿತು. ಮಕ್ಕಾದಲ್ಲಿ ಹುಟ್ಟಿದ ಹನಾದಿ ಹಿಂದಿ ಅವರು ಜೋರ್ಡಾನಿನ ಅಮ್ಮಾನ್ ನಗರಕ್ಕೆ ಹೋಗಿ ಕಲಿತು 2005ರಲ್ಲಿ ಸೌದಿ ಅರೇಬಿಯಾದ ಮೊದಲ ಮಹಿಳಾ ವಾಣಿಜ್ಯ ಪೈಲಟ್ ಆದರು. ನೆರೆಯ ಹೈದರಾಬಾದಿನಲ್ಲಿ ಬೇಕರಿಯಲ್ಲಿ ದುಡಿಯುವವರೊಬ್ಬರ ಮಗಳು ಒಬ್ಬ ಉರ್ದು ಪತ್ರಿಕೆಯ ಸಂಪಾದಕರ ನೆರವಿನಿಂದ ವಿಮಾನ ಶಾಲೆ ಸೇರಿದರು. ಮುಂದೆ ಸರ್ಕಾರದ ಧನಸಹಾಯದಿಂದ ಹೆಚ್ಚಿನ ತರಬೇತಿಗೆ ನ್ಯೂಜಿಲೆಂಡಿಗೆ ಹೋದರು. ಶಿಕಾಗೋದಲ್ಲಿ ಒಬ್ಬ ಸಂಪಾದಕರು ಮಾಡಿದ ಕೆಲಸವನ್ನೇ ಹೈದರಾಬಾದಿನಲ್ಲಿಯೂ ಒಬ್ಬ ಸಂಪಾದಕರು ಮಾಡಿದರು.

ಇನ್ನು ನಿಮ್ಮ ಮಾತಿಗೆ ಬರೋಣ. ಬೆಸ್ಸಿಗೆ ತಮ್ಮ ದೇಶದಲ್ಲಿ ಒಂದೂ ಶಾಲೆ ಇರಲಿಲ್ಲ. ನಿಮಗೆ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಇದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ತರಬೇತಿ ಶಾಲೆಗಳಿಗಾಗಿ ಆರಿಸಿದ ಐದು ನಿಲ್ದಾಣಗಳಲ್ಲಿ ನಮ್ಮ ಬೆಳಗಾವಿ ಮತ್ತು ಕಲಬುರಗಿ ಎರಡೂ ಇದ್ದವು. ಆದ್ದರಿಂದ ಮೊದಲು ಇಲ್ಲಿಯೇ ವಿಚಾರಿಸಿ, ಆಮೇಲೆ ವಿದೇಶದ ಮಾತು.

ವಿದೇಶಕ್ಕೇ ಹೋಗಬೇಕೆಂದಿದ್ದರೆ ಕೆಲವು ಸಂಗತಿಗಳನ್ನು ಗಮನದಲ್ಲಿಡಿ. ಗಣಿತ ಮತ್ತು ಭೌತಶಾಸ್ತ್ರವನ್ನು ಕೈಬಿಡಬೇಡಿ. ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡುವುದನ್ನು ರೂಢಿಸಿಕೊಳ್ಳಿ. ಬೆಸ್ಸಿಗೆ ಫ್ರೆಂಚ್ ಹೇಗೋ ಪೈಲಟ್‌ಗೆ ಇಂದು ಇಂಗ್ಲಿಷ್ ಹಾಗೆ. ಯಾವ ಶಾಲೆಗೂ ಒಂದು ರೂಪಾಯಿ ಕಟ್ಟುವ ಮೊದಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಗೊತ್ತುಮಾಡಿದ ವೈದ್ಯರಲ್ಲಿ ಆರೋಗ್ಯ ಪರೀಕ್ಷೆ ಮಾಡಿಸಿ. ಎಲ್ಲ ಹಣ ಕಟ್ಟಿದ ಮೇಲೆ ಕಣ್ಣು ಅಥವಾ ಕಿವಿಯ ದೋಷ ತಿಳಿದರೆ ಮನೆಯೇ ಮುಳುಗುತ್ತದೆ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ ನಮ್ಮ ದೇಶದಲ್ಲಿ 18 ವರ್ಷ ತುಂಬಿರಬೇಕು, ಕನಿಷ್ಠ 200 ಗಂಟೆಗಳ ಹಾರಾಟ ಆಗಿರಬೇಕು. ಹೊರದೇಶದ ಲೈಸೆನ್ಸ್ ತಂದರೂ ಇಲ್ಲಿ ಮತ್ತೆ ಪರೀಕ್ಷೆ ಬರೆದು ಅದನ್ನು ಭಾರತದ ಲೈಸೆನ್ಸಾಗಿ ಬದಲಾಯಿಸಿಕೊಳ್ಳಬೇಕು. ಅದಾದ ಮೇಲೂ ಕಂಪನಿಯ ದೊಡ್ಡ ವಿಮಾನ ನಡೆಸಲು ಆ ಮಾದರಿಯ ವಿಮಾನದ್ದೇ ಬೇರೆ ತರಬೇತಿ ಬೇಕು, ಅದಕ್ಕೆ ಬೇರೆ ಖರ್ಚು. ಬೆಸ್ಸಿ ಎರಡನೆಯ ಸಲ ಹಡಗು ಹತ್ತಿದ್ದು ಇಂಥದೇ ಕಾರಣಕ್ಕೆ ಎಂಬುದನ್ನು ನೆನಪಿಸಿಕೊಳ್ಳಿ. ಏಜೆಂಟರ ಬಣ್ಣದ ಮಾತಿಗೆ ಹೊಲ ಮಾರಬೇಡಿ. ಪೂರ್ತಿ ಲೆಕ್ಕವನ್ನು ಕಾಗದದ ಮೇಲೆ ಬರೆದು ತಿಳಿದವರಿಗೆ ತೋರಿಸಿ. ಹತ್ತಿಯ ತೂಕದ ಮುಂದೆ ನಿಂತ ಆ ಬಾಲಕಿಯಂತೆ ನಿಮ್ಮ ಲೆಕ್ಕ ನಿಮಗೇ ಗೊತ್ತಿರಲಿ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಬೆಸ್ಸಿ ಅವರ ಜಾಣತನ, ಶ್ರಮ, ಧೈರ್ಯ ಎಲ್ಲವೂ ನಿಜ. ಆದರೆ ಅವರು ಸಲಹೆ ಕೇಳಲು ಹೋದ ದಿನ ಆಬಟ್ ಅವರು ನಕ್ಕು ಕಳಿಸಿದ್ದರೆ ಈ ಲೇಖನ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ. ನಮ್ಮ ಬಳಿ ಬರುವ ಮಕ್ಕಳೆಲ್ಲರೂ ಪೈಲಟ್ ಆಗಬೇಕಿಲ್ಲ. ಒಬ್ಬರು ನರ್ಸ್ ಆಗಬಯಸಬಹುದು, ಒಬ್ಬರು ವಕೀಲರು, ಒಬ್ಬರು ಮೆಕ್ಯಾನಿಕ್. ಅವರ ಮಾತನ್ನು ಪೂರ್ತಿ ಕೇಳಿ ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಕ್ರಮವಾಗಿ ಹೇಳುವ ಒಬ್ಬ ವ್ಯಕ್ತಿ ಪ್ರತಿ ಊರಿನಲ್ಲಿಯೂ ಇರಬೇಕು. ಝಕಾತ್ ಮತ್ತು ಸದಕಾದ ಹಣದಲ್ಲಿ ಅರ್ಹ ಬಡ ವಿದ್ಯಾರ್ಥಿಯ ಪಾಲನ್ನು ಆಲಿಮರನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು. ನಮ್ಮ ಧರ್ಮಗ್ರಂಥದಲ್ಲಿ ಮೊದಲು ಇಳಿದು ಬಂದ ಆಜ್ಞೆಯೇ ಓದಿನ ಕುರಿತಾದದ್ದು. ಅದು ಗಂಡುಮಕ್ಕಳಿಗೆ ಮಾತ್ರ ಬಂದದ್ದಲ್ಲ.

ಕಿತ್ತೂರು ಚೆನ್ನಮ್ಮ ಮತ್ತು ಬೆಳವಡಿ ಮಲ್ಲಮ್ಮ ಕುದುರೆ ಏರಿದ ಸೀಮೆ ನಮ್ಮದು. ಇಲ್ಲಿಯ ಹೆಣ್ಣುಮಗಳೊಬ್ಬಳು ವಿಮಾನ ಏರುತ್ತೇನೆಂದರೆ ಆಶ್ಚರ್ಯಪಡುವುದೇನಿದೆ? ಮುಂದಿನ ಸಲ ಹೊಲದಲ್ಲಿ ನಿಂತ ಮಗು ಮೇಲೆ ನೋಡಿ ಆ ಮಾತು ಹೇಳಿದಾಗ ದಯವಿಟ್ಟು ನಗಬೇಡಿ. ಹತ್ತಿರ ಕರೆದು ಕೂರಿಸಿಕೊಂಡು, ಗಣಿತದಲ್ಲಿ ಎಷ್ಟು ಅಂಕ ಬಂದಿದೆ ಎಂದು ಕೇಳಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಒಳ್ಳೆಯ ಇಲ್ಮನ್ನು, ನಮಗೆ ಅವರ ಬೆನ್ನಿಗೆ ನಿಲ್ಲುವ ತೌಫೀಕನ್ನು ಕರುಣಿಸಲಿ. ಆಮೀನ್.